ಮೂಟೆ ಕೋಣೆಯ ಹಾಸಿಗೆ

“ಹಿಟ್ಟಂತೆ ಕಣಮ್ಮಾ. ಅಕ್ಕಂಗೆ ಹಿಟ್ಟೇ ಆಗಲ್ವಂತೆ.”

ಆಸ್ಪತ್ರೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. ಅಮ್ಮ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಚಾಕು ಅಲ್ಲಿಗೇ ನಿಂತಿತು.

“ಯಾವ ಹಿಟ್ಟು?”

“ಯಾವುದಂದ್ರೆ? ನಮ್ಮ ಹಿಟ್ಟೇ. ಕೆಳಗಿರೋದು. ಮೈದಾ.”

“ತಿಂದ್ರೆ ಆಗಲ್ವಾ?”

“ತಿಂದ್ರೆ ಏನೂ ಇಲ್ಲ. ಉಸಿರಲ್ಲಿ ಒಳಗೆ ಹೋದ್ರೆ ಆಗಲ್ಲ. ಅಸ್ತಮಾ ಅಂದ್ರು. ಬೇಕರಿ ಕೆಲಸದೋರಿಗೆ ಅಂತಾನೇ ಬರೋ ಅಸ್ತಮಾ ಇದೆಯಂತೆ. ಇನ್ನೂ ಖಾತ್ರಿ ಇಲ್ಲ, ಆದ್ರೆ ಅದೇ ಇರ್ಬೇಕು ಅಂದ್ರು.”

ಮೂಲೆಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದ ಅಜ್ಜಿ ತಲೆ ಎತ್ತಿದಳು. “ಮೀನು ಹಿಡಿಯೋನಿಗೆ ನೀರು ಆಗಲ್ಲ ಅಂದ ಹಾಗಾಯ್ತಲ್ಲೇ. ಸರಿಯಾಗಿ ಕೇಳಿಸ್ಕೊಂಡ್ಯಾ, ಇಲ್ಲ ಅಲ್ಲೂ ಮೊಬೈಲ್ ನೋಡ್ತಾ ಕೂತಿದ್ಯಾ?”

“ಎರಡೂ ಮಾಡ್ದೆ ಅಜ್ಜಿ.”

ಅಷ್ಟರಲ್ಲಿ ಅಕ್ಕ ಮೇಲೆ ಬಂದಳು. ಇಪ್ಪತ್ತೆರಡು ಮೆಟ್ಟಿಲಿಗೆ ಮೂರು ಕಡೆ ನಿಂತು ಬಂದಿದ್ದಳು. ಬಾಗಿಲಿಗೆ ಒರಗಿ, ಒಂದು ಕೈ ಎದೆಯ ಮೇಲಿಟ್ಟುಕೊಂಡು ನನ್ನನ್ನು ನೋಡಿದಳು.

“ಹೇಳಿಬಿಟ್ಟಾ? ನಾನೇ ನಿಧಾನವಾಗಿ ಹೇಳ್ತೀನಿ ಅಂದಿರಲಿಲ್ವಾ?”

“ನೀನು ನಿಧಾನವಾಗಿ ಮೆಟ್ಟಿಲು ಹತ್ತೋದ್ರೊಳಗೆ ನನ್ನ ಹೊಟ್ಟೆ ಒಡೆದು ಹೋಗ್ತಿತ್ತು.”

ನನ್ನನ್ನು ಮನೆಯಲ್ಲಿ ರೇಡಿಯೋ ಎಂದು ಕರೆಯುವುದು ಸುಮ್ಮನೆ ಅಲ್ಲ.

ಬೇಕರಿ ಕೆಳಗೆ, ಮನೆ ಮೇಲೆ. ತಾತ ಶುರು ಮಾಡಿದ್ದು, ಅಪ್ಪ ಬೆಳೆಸಿದ್ದು. ಅಪ್ಪನ ಮಟ್ಟಿಗೆ ಅದನ್ನು ಮುಂದೆ ನಡೆಸಬೇಕಾದವಳು ಅಕ್ಕ ಒಬ್ಬಳೇ. ಅದರಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದೇನೂ ನನಗಿರಲಿಲ್ಲ. ನಾನು ಸಕ್ಕರೆ ಬದಲು ಉಪ್ಪು ಹಾಕಿದ ಬನ್ನುಗಳನ್ನು ಬೀದಿಯವರು ಇನ್ನೂ ಮರೆತಿಲ್ಲ. ಅಕ್ಕನ ಕೈಯೇ ಬೇರೆ. ನಾದಿಟ್ಟ ಹಿಟ್ಟನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ “ಇನ್ನು ಹತ್ತು ನಿಮಿಷ” ಎಂದರೆ ಹತ್ತೇ ನಿಮಿಷ. ಓದು ಮುಗಿಸಿ ಬೇರೆ ಕೆಲಸ ಸಿಕ್ಕರೂ ಹೋಗದೆ ಕೆಳಗಿಳಿದು ಏಪ್ರನ್ ಕಟ್ಟಿಕೊಂಡವಳು ಅವಳು. ಹೋದ ತಿಂಗಳು ಅಪ್ಪ ಬೇಕರಿಯ ಕೀಲಿಯನ್ನು ಕೆಂಪು ದಾರಕ್ಕೆ ಕಟ್ಟಿ ಅವಳ ಕೈಗೆ ಕೊಟ್ಟಿದ್ದ. ಅವಳು ಅದನ್ನು ಕೊರಳಿಂದ ತೆಗೆದದ್ದನ್ನು ನಾನು ನೋಡಿರಲಿಲ್ಲ. ಎಕ್ಸ್‌ರೇ ಕೋಣೆಯಲ್ಲಿ ಮಾತ್ರ ತೆಗೆದು ನನ್ನ ಕೈಗೆ ಕೊಟ್ಟು, “ಕಳೆದೀಯಾ, ಹುಷಾರು” ಎಂದಿದ್ದಳು.

ಅಪ್ಪ ಬಂದ. ಮೊಣಕೈವರೆಗೂ ಬಿಳಿ. ಹುಬ್ಬೂ ಬಿಳಿ. ಅದು ವಯಸ್ಸಿನದೋ ಹಿಟ್ಟಿನದೋ ಸ್ನಾನ ಆಗುವವರೆಗೆ ಹೇಳಲಾಗದು.

“ಏನಂತೆ?” ಎಂದ. ಈ ಸಲ ಅಕ್ಕನೇ ಹೇಳಿದಳು.

ಅಪ್ಪ ಪೂರ್ತಿ ಕೇಳಿ, ಲೋಟದ ನೀರು ಕುಡಿದು, ನಗಲು ನೋಡಿದ. ನಗುವ ಬದಲು ಕೆಮ್ಮು ಬಂತು. “ಆ ಡಾಕ್ಟರಮ್ಮ ಬೆಳಿಗ್ಗೆ ಏನು ತಿಂದು ಬಂದಿದ್ರಂತೆ? ಬ್ರೆಡ್ಡೇ ತಾನೇ? ಹಿಟ್ಟಿನ ಮೂಟೆ ಮೇಲೆ ಮಲಗಿ ಬೆಳೆದೋಳು ಇವಳು. ಆಗ ಬರದ ಕಾಯಿಲೆ ಈಗ ಎಲ್ಲಿಂದ ಬರುತ್ತೆ? ಥಂಡಿ. ಬರೀ ಥಂಡಿ ಇದು.”

“ವರ್ಷಾನುಗಟ್ಟಲೆ ಆದ್ಮೇಲೂ ಬರುತ್ತಂತೆ ಅಪ್ಪ.”

“ಮತ್ತೆ ನನಗ್ಯಾಕೆ ಬಂದಿಲ್ಲ?”

ಅಮ್ಮ ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡಳು.

ಅಕ್ಕ ಚೀಲದಿಂದ ಒಂದು ಪ್ಲಾಸ್ಟಿಕ್ ಕೊಳವೆ ತೆಗೆದು ಮೇಜಿನ ಮೇಲಿಟ್ಟಳು. ಗೇಣುದ್ದ, ಮೇಲೆ ಅಂಕಿಗಳ ಪಟ್ಟಿ, ಒಂದು ಪುಟ್ಟ ಕೆಂಪು ಮುಳ್ಳು. ಉಸಿರು ತುಂಬಿಕೊಂಡು ಒಂದೇ ಸಲ ಜೋರಾಗಿ ಊದಿದರೆ ಮುಳ್ಳು ಮೇಲೆ ಓಡುತ್ತದೆ. ಎಷ್ಟು ಮೇಲೆ ಹೋದರೆ ಅಷ್ಟು ಒಳ್ಳೆಯದು. ಅಕ್ಕನ ವಯಸ್ಸಿಗೆ, ಎತ್ತರಕ್ಕೆ ನಾನೂರ ಮೂವತ್ತರ ಹತ್ತಿರ ಹೋಗಬೇಕಂತೆ. ಆಸ್ಪತ್ರೆಯಲ್ಲಿ ಅದು ಮುನ್ನೂರಕ್ಕೆ ನಿಂತಿತ್ತು.

“ದಿನಕ್ಕೆ ನಾಲ್ಕು ಸಲ ಊದಿ ಬರೆದಿಡ್ಬೇಕು. ಎರಡು ವಾರ ಕೆಲಸ ಮಾಡ್ತಾ, ಆಮೇಲೆ ಎರಡು ವಾರ ಬೇಕರಿಗೆ ಕಾಲಿಡದೆ. ಬಿಟ್ಟಾಗ ಅಂಕಿ ಏರಿದ್ರೆ ಹಿಟ್ಟೇ. ಏರದಿದ್ರೆ ಬೇರೆ ಏನು ಅಂತ ಹುಡುಕ್ತಾರೆ.”

“ಹಿಟ್ಟೇ ಆದ್ರೆ?” ಅಮ್ಮ ಕೇಳಿದಳು.

ಅಕ್ಕ ಕೊರಳ ದಾರವನ್ನು ಬೆರಳಿಗೆ ಸುತ್ತಿಕೊಂಡಳು. “ಆದ್ರೆ ಬಿಡ್ಬೇಕಂತೆ. ಎಷ್ಟು ಬೇಗ ಬಿಟ್ರೆ ಅಷ್ಟು ಒಳ್ಳೇದಂತೆ. ಬಿಡದೆ ಹೋದ್ರೆ ಆಮೇಲೆ ಬಿಟ್ರೂ ಪೂರ್ತಿ ವಾಸಿ ಆಗಲ್ವಂತೆ.”

“ಪೀಪಿ ಊದಿ ಬೇಕರಿ ಮುಚ್ಚಿಸ್ತಾರಂತೆ” ಎಂದು ಅಪ್ಪ ಕೆಳಗಿಳಿದು ಹೋದ. ಅಂದಿನಿಂದ ಆ ಕೊಳವೆಯ ಹೆಸರು ಪೀಪಿ.

ಅಂಕಿ ಬರೆದಿಡುವ ಕೆಲಸ ನನಗೆ ಬಂತು. ಫೋನಿನಲ್ಲಿ ನಾಲ್ಕು ಅಲಾರಂ ಇಟ್ಟುಕೊಂಡೆ. ಬೆಳಿಗ್ಗೆ ಎದ್ದ ತಕ್ಷಣ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ಅಕ್ಕ ಮೂರು ಸಲ ಊದುತ್ತಿದ್ದಳು, ದೊಡ್ಡ ಅಂಕಿಯನ್ನು ನಾನು ಬರೆಯುತ್ತಿದ್ದೆ. ತರಗತಿಯಲ್ಲಿ ಕೂತಿದ್ದರೆ ಅವಳೇ ಅಂಕಿ ಕಳಿಸುತ್ತಿದ್ದಳು. ಮುನ್ನೂರ ಹತ್ತು. ಇನ್ನೂರ ತೊಂಬತ್ತು. ಒಮ್ಮೆ ಪಕ್ಕ ಕೂತ ಗೆಳತಿ ಇಣುಕಿ ನೋಡಿ, “ದಿನಾ ಯಾರೇ ನಿನಗೆ ಬರೀ ನಂಬರ್ ಕಳಿಸೋದು, ಲಾಟರಿಯೋನಾ?” ಎಂದಳು.

ಪೀಪಿಯ ಜೊತೆಗೆ ಎರಡು ಇನ್ಹೇಲರ್ ಬಂದಿದ್ದವು. ಕಂದು ಬಣ್ಣದ್ದು ದಿನಾ ಎರಡು ಹೊತ್ತು, ಆಮೇಲೆ ಬಾಯಿ ಮುಕ್ಕಳಿಸಬೇಕು. ನೀಲಿ ಬಣ್ಣದ್ದು ಎದೆ ಬಿಗಿದಾಗ. ನೀಲಿಯದನ್ನು ಅಕ್ಕ ಏಪ್ರನ್ ಜೇಬಲ್ಲಿ ಇಟ್ಟುಕೊಂಡರೆ ಅಜ್ಜಿಗೆ ಸಂಕಟ.

“ಅಂಗಡೀಲಿ ಎಲ್ಲರ ಮುಂದೆ ಅದನ್ನ ಬಾಯಿಗಿಟ್ಕೋಬೇಡ ಕಣೇ. ಕೆಮ್ಮೋರ ಕೈಯಿಂದ ಬ್ರೆಡ್ ಯಾರು ತಗೋತಾರೆ?”

“ಇದೇನು ಅಂಟುರೋಗವಾ ಅಜ್ಜಿ?”

“ನನಗೆ ಗೊತ್ತು ಅಲ್ಲ ಅಂತ. ಎದುರು ಮನೆಯೋಳಿಗೆ ಗೊತ್ತಾ?”

ಕೊನೆಗೆ ಅಜ್ಜಿಯೇ ಒಂದು ಕನ್ನಡಕದ ಡಬ್ಬಿ ಕೊಟ್ಟಳು. ಅಕ್ಕ ಅದರಲ್ಲಿ ನೀಲಿ ಇನ್ಹೇಲರ್ ಹಾಕಿಟ್ಟುಕೊಂಡು, ಬೇಕಾದಾಗ ಬಿಸ್ಕತ್ತಿನ ಡಬ್ಬಗಳ ಹಿಂದೆ ಹೋಗಿ ಎಳೆದುಕೊಂಡು ಬರುತ್ತಿದ್ದಳು. ಕನ್ನಡಕ ಹಾಕದ ಹುಡುಗಿ ದಿನಕ್ಕೆ ನಾಲ್ಕು ಸಲ ಕನ್ನಡಕದ ಡಬ್ಬಿ ಹಿಡಿದು ಓಡಿದರೆ ಜನ ಏನಂದುಕೊಳ್ಳುತ್ತಾರೆ ಎಂದು ಅಜ್ಜಿಗೆ ಹೊಳೆದಿರಲಿಲ್ಲ.

ಎರಡು ವಾರ ಕಳೆಯಿತು. ಅಂಕಿ ಮುನ್ನೂರರ ಆಚೆ ಈಚೆಯೇ ಇತ್ತು. ಮೂರನೇ ವಾರದ ಮೊದಲ ದಿನ ಅಕ್ಕ ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿ ಮೇಲೆ ಬಂದಳು. ಕೀಲಿ ಮಾತ್ರ ಕೊರಳಲ್ಲೇ ಇತ್ತು.

ಅವಳ ಕೆಲಸ ಹಂಚಿಕೆಯಾಯಿತು. ಹಿಟ್ಟು ಕಲಸುವುದು ಅಪ್ಪ, ಬನ್ನು ಉಂಡೆ ಕಟ್ಟುವುದು ಅಮ್ಮ. ಓವನ್ ಮೊದಲಿನಂತೆ ಒಲೆಮಾಮನದು. ತಾತನ ಕಾಲದಿಂದ ಓವನ್ ನೋಡಿಕೊಳ್ಳುತ್ತಿರುವ ಅವನಿಗೆ ಆ ಹೆಸರಿಟ್ಟದ್ದು ಅಕ್ಕ, ಮೂರು ವರ್ಷದವಳಿದ್ದಾಗ. ಅಕ್ಕ ಮೇಲೆ ಕೂತು ಮನೆಯ ಅಡುಗೆ ಮಾಡಿದಳು. ಬನ್ನಿಗಿದ್ದ ಕೈಗುಣ ಅನ್ನಕ್ಕಿರಲಿಲ್ಲ. ಒಂದು ದಿನ ಗಂಜಿ, ಒಂದು ದಿನ ಕಲ್ಲು.

“ಇವಳಿಗೆ ಬೇಗ ವಾಸಿ ಆಗ್ಲಪ್ಪ” ಎಂದು ಅಜ್ಜಿ ತಟ್ಟೆಯ ಮುಂದೆ ಕೈ ಮುಗಿದಳು. “ನನ್ನ ಇರೋ ನಾಲ್ಕು ಹಲ್ಲು ಉಳ್ಕೊಳ್ಳಲಿ.”

ಎಲ್ಲರೂ ಅಂಕಿಗಾಗಿ ಕಾಯುತ್ತಿದ್ದೆವು. ಅಪ್ಪ ಊಟಕ್ಕೆ ಕೂರುವ ಮೊದಲು ನನ್ನ ಕಡೆ ನೋಡುತ್ತಿದ್ದ. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಮೊದಲ ದಿನ ಮುನ್ನೂರ ಐದು. ಮೂರನೇ ದಿನ ಮುನ್ನೂರು. ಐದನೇ ದಿನ ಬೆಳಿಗ್ಗೆ ಇನ್ನೂರ ಎಂಬತ್ತು. ಅದು ಇಡೀ ಪಟ್ಟಿಯಲ್ಲೇ ಕಡಿಮೆ.

ವಾರ ಮುಗಿದ ದಿನ ಮಧ್ಯಾಹ್ನ ಅಪ್ಪ ಮೇಜಿಗೆ ಕೈ ಊರಿ ಕೂತ. “ಓದು ರೇಡಿಯೋ, ಎಲ್ಲ ಓದು. ಎಲ್ಲರೂ ಕೇಳಲಿ.”

ಓದಿದೆ.

“ಆಯ್ತಲ್ಲ? ಏಳು ದಿನ ಹಿಟ್ಟಿನ ಕಡೆ ತಲೆ ಹಾಕಿಲ್ಲ. ಔಷಧಿ ತಪ್ಪಿಸಿಲ್ಲ. ಏರಿತಾ? ಇಳೀತು. ನಾನು ಏನಂದಿದ್ದೆ? ಥಂಡಿ ಅಂದಿದ್ದೆ.”

“ಇನ್ನೊಂದು ವಾರ ಇದೆ ರೀ” ಎಂದಳು ಅಮ್ಮ.

“ಇನ್ನೊಂದು ವಾರ ನೀನು ಕಟ್ಟಿದ ಬನ್ನು ಮಾರಿದ್ರೆ ಗಿರಾಕಿಗಳೆಲ್ಲ ಆ ಕಡೆ ಬೀದಿಗೆ ಹೋಗ್ತಾರೆ. ಒಂದು ನಿಂಬೆಹಣ್ಣಿನಷ್ಟು, ಒಂದು ತೆಂಗಿನಕಾಯಿಯಷ್ಟು.”

“ಹಾಗಾದ್ರೆ ನೀವೇ ಕಟ್ಕೊಳ್ಳಿ. ನನ್ನ ಸೊಂಟ ಬಿದ್ದು ಹೋಗಿದೆ, ಅದಕ್ಕೊಂದು ಪೀಪಿ ಯಾರೂ ಕೊಟ್ಟಿಲ್ಲ.”

ಅವರು ಹೀಗೆ ಜಗಳಾಡುವಾಗ ನಾನು ಅಕ್ಕನನ್ನು ನೋಡಿದೆ. ಅವಳ ಮುಖ ಅರಳಿತ್ತು. ಉಸಿರು ಎಳೆದುಕೊಳ್ಳುತ್ತಲೇ ನಗುತ್ತಿದ್ದಳು. ಹಿಟ್ಟಲ್ಲ ಎಂದರೆ ಅವಳಿಗೆ ಅಷ್ಟೇ ಸಾಕಿತ್ತು.

“ನಾಳೆಯಿಂದ ಕೆಳಗಿಳೀತೀನಿ ಅಪ್ಪ” ಎಂದಳು.

ಇಳಿಯುತ್ತಿದ್ದಳೂ ಹೌದು. ಆದರೆ ಅದೇ ಸಂಜೆ ಚಿಕ್ಕಮ್ಮನ ಮನೆಯಿಂದ ಫೋನ್ ಬಂತು. ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಮನೆಯಲ್ಲಿ ಬಿಡುವಾಗಿದ್ದವಳು ಅಕ್ಕ ಒಬ್ಬಳೇ. ಬಸ್ಸಿನಲ್ಲಿ ಎರಡು ಗಂಟೆ ದಾರಿ. ಅವಳ ಬಟ್ಟೆಯ ನಡುವೆ ನಾನೇ ಪೀಪಿಯನ್ನು ತುರುಕಿದೆ.

“ಇನ್ನೇನಕ್ಕೆ ಇದು? ಮುಗೀತಲ್ಲ” ಎಂದಳು.

“ಪಟ್ಟಿ ಅರ್ಧಕ್ಕೆ ಬಿಟ್ರೆ ನನಗೆ ನಿದ್ದೆ ಬರಲ್ಲ. ಕಳಿಸು ಸುಮ್ನೆ.”

ನಿಜವಾಗಿಯೂ ಅಷ್ಟೇ ಕಾರಣ. ನನಗೆ ಅದಕ್ಕಿಂತ ಹೆಚ್ಚಿನ ಬುದ್ಧಿ ಇತ್ತು ಎಂದು ಈಗ ಹೇಳಿಕೊಳ್ಳಲಾರೆ.

ಅಲ್ಲಿಂದ ಎರಡನೇ ದಿನ ಬಂದದ್ದು ಮುನ್ನೂರ ನಲವತ್ತು. ಮೂರನೇ ದಿನ ಮುನ್ನೂರ ಎಪ್ಪತ್ತು. ಮುಳ್ಳು ಸಿಕ್ಕಿಹಾಕಿಕೊಂಡಿರಬೇಕು, ಅಲ್ಲಾಡಿಸಿ ಮತ್ತೆ ಊದು ಎಂದು ಕಳಿಸಿದೆ. ಮುನ್ನೂರ ಎಂಬತ್ತು ಎಂದು ಬಂತು. ಐದನೇ ದಿನ ನಾನೂರ ಹತ್ತು. ಅಂದು ಅವಳು ವಿಡಿಯೋ ಕಾಲಿನಲ್ಲಿ ಚಿಕ್ಕಮ್ಮನ ಊರುಗೋಲಿನ ನಡಿಗೆಯನ್ನು ಅಣಕಿಸಿ ತೋರಿಸಿ, ಒಂದು ನಿಮಿಷ ಪೂರ್ತಿ ನಕ್ಕಳು. ನಗು ಮುಗಿದ ಮೇಲೆ ಕೆಮ್ಮು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ.

ಅಪ್ಪನಿಗೆ ಹೇಳಿದೆ. “ಹವಾ ಬದಲಾವಣೆ” ಎಂದ. “ಅಲ್ಲಿ ಚಳಿ ಕಡಿಮೆ.”

ಆರನೇ ದಿನ ಅಕ್ಕ ವಾಪಸು ಬಂದಳು. ಕೈಯಲ್ಲಿ ಎರಡು ಚೀಲವಿದ್ದರೂ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದಳು. ಅಮ್ಮ ಬಾಗಿಲಲ್ಲಿ ನಿಂತವಳು, “ಯಾರದು, ನಮ್ಮವಳೇನಾ?” ಎಂದಳು. ಬೇಕರಿಗೆ ನಾಳಿದ್ದಿನಿಂದ ಇಳಿಯುವುದು ಎಂದು ಮಾತಾಯಿತು. ಮರುದಿನ ಬೆಳಿಗ್ಗೆ ಅವಳನ್ನು ಎಬ್ಬಿಸಿ ಊದಿಸಲು ನಾನು ಕೆಳಗೆ ಹೋದೆ.

ಕೆಳಗೆ ಎಂದೆ. ಅದನ್ನು ಮೊದಲೇ ಹೇಳಬೇಕಿತ್ತೇನೋ. ಆದರೆ ನಮಗೆ ಅದು ಹೇಳುವಂಥ ವಿಷಯ ಎಂದೇ ಅನಿಸಿರಲಿಲ್ಲ. ಅಕ್ಕನೂ ನಾನೂ ಮಲಗುತ್ತಿದ್ದ ಮೇಲಿನ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ. ಚಳಿಗಾಲದ ಶುರುವಿನಲ್ಲಿ ಅವಳಿಗೆ ಕೆಮ್ಮು ಹತ್ತಿದಾಗ ಅಪ್ಪ ತಾನೇ ಮಂಚ ಬಿಚ್ಚಿ ಕೆಳಗೆ ಸಾಗಿಸಿದ್ದ. ಓವನ್ನಿನ ಹಿಂದಿನ ಗೋಡೆಗೆ ಅಂಟಿಕೊಂಡಂತೆ ಒಂದು ಕೋಣೆ ಇದೆ. ಹಿಟ್ಟಿನ ಮೂಟೆ ಇಡುವುದು ಅಲ್ಲಿ. ಓವನ್ ಆರಿದ ಮೇಲೂ ಆ ಗೋಡೆ ಬೆಚ್ಚಗಿರುತ್ತದೆ. ಇಡೀ ಮನೆಯಲ್ಲಿ ಅಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ. ಅಪ್ಪ ಬಾಗಿಲ ಸಂದಿಗೆ ಬಟ್ಟೆ ತುರುಕಿ, ಗಾಳಿ ನುಸುಳಬಾರದು ಎಂದು ಮಂಚದ ಮೂರು ಕಡೆಗೂ ಮೂಟೆಗಳನ್ನು ಎದೆಯೆತ್ತರ ಪೇರಿಸಿದ್ದ. “ರಾಜಕುಮಾರಿಗೆ ಕೋಟೆ” ಎಂದಿದ್ದ. ನನಗೆ ಆಗ ಸ್ವಲ್ಪ ಹೊಟ್ಟೆಕಿಚ್ಚಾಗಿತ್ತು.

ಅಕ್ಕ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಭುಜ ಮೇಲಕ್ಕೆ ಬಂದಿತ್ತು. ಎದೆಯಿಂದ ಸಣ್ಣಗೆ ಸಿಳ್ಳೆ ಕೇಳುತ್ತಿತ್ತು.

“ಊದು.”

ಮುನ್ನೂರ ಇಪ್ಪತ್ತು.

“ನಿನ್ನೆ ಮಧ್ಯಾಹ್ನ ನಾನೂರ ಹತ್ತು ಇತ್ತಲ್ಲೇ. ಬಂದ್ಮೇಲೆ ಬೇಕರಿಗೆ ಹೋಗಿದ್ಯಾ?”

“ಇಲ್ಲ ಕಣೇ. ಊಟ ಮಾಡಿ ಬಂದು ಮಲಗಿದೆ ಅಷ್ಟೆ.”

ಮಂಚದ ಪಕ್ಕದ ಸ್ಟೂಲಿನ ಮೇಲೆ ಅವಳ ನೀರಿನ ಲೋಟ ಇತ್ತು. ತಟ್ಟೆ ಮುಚ್ಚಿತ್ತು. ತಟ್ಟೆಯ ಮೇಲೆ ಬಿಳಿ. ನಾನು ಬೆರಳಿಂದ ಗೆರೆ ಎಳೆದೆ. ದಿಂಬಿನ ಆ ಪಕ್ಕಕ್ಕೆ ಕೈ ಇಟ್ಟೆ, ಅಲ್ಲೂ ಬಿಳಿ. ಗೋಡೆಯಾಚೆ ಅಪ್ಪ ಮಿಕ್ಸರಿಗೆ ಮೂಟೆ ಸುರಿದ ಸದ್ದು ಬಂತು. ಆ ಮೂಟೆಯನ್ನು ಅವನು ಸ್ವಲ್ಪ ಹೊತ್ತಿನ ಮುಂಚೆ ಇಲ್ಲಿಂದಲೇ, ಅವಳ ತಲೆಯ ಪಕ್ಕದಿಂದಲೇ, ನಿದ್ದೆ ಕೆಡಬಾರದು ಎಂದು ಮೆಲ್ಲಗೆ ಎತ್ತಿಕೊಂಡು ಹೋಗಿದ್ದ. ದಿನಾ ಹಾಗೆಯೇ. ಕೆಲಸ ಬಿಟ್ಟ ಆ ಏಳು ದಿನವೂ.

ಬೆರಳಿಗಂಟಿದ ಬಿಳಿಯನ್ನು ಅಕ್ಕನ ಮುಂದೆ ಹಿಡಿದೆ.

“ಡಾಕ್ಟರಮ್ಮ ಎಲ್ಲಿ ಮಲಗ್ತೀಯಾ ಅಂತ ಕೇಳಿದ್ರಲ್ಲ” ಎಂದೆ. “ನೀನು ಏನಂದೆ?”

“ಬೆಚ್ಚಗಿರೋ ಕೋಣೇಲಿ ಅಂದೆ.” ಅಷ್ಟು ಹೇಳಿ ಅಕ್ಕ ತನ್ನ ಸುತ್ತ ನೋಡಿದಳು. ಮೂಟೆಗಳನ್ನು ಮೊದಲ ಸಲ ನೋಡುವವಳ ಹಾಗೆ ಒಂದೊಂದನ್ನೇ ನೋಡಿದಳು. ಆಮೇಲೆ ಕೊರಳ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ನಾನು ಫೋನನ್ನು ಮೇಜಿನ ನಡುವೆ ಇಟ್ಟು ಹೇಳಿದೆ. ಚಿಕ್ಕಮ್ಮನ ಮನೆಯಲ್ಲಿ ಎಷ್ಟು, ಇಲ್ಲಿ ಒಂದೇ ರಾತ್ರಿಗೆ ಎಷ್ಟು. ತಟ್ಟೆಯ ಮೇಲಿನ ಬಿಳಿಯನ್ನೂ ಹೇಳಿದೆ.

ಅಮ್ಮನ ಕೈಯಿಂದ ಸೌಟು ಪಾತ್ರೆಯೊಳಗೇ ಬಿತ್ತು. “ಅಯ್ಯೋ ದೇವರೇ. ನಾಲ್ಕು ತಿಂಗಳು. ನಾನೇ ದಿನಾ ಹೊದಿಕೆ ಕೊಡವಿ ಹಾಸ್ತಿದ್ದೆನಲ್ಲೇ.”

ಅಪ್ಪ ಊಟ ಮುಟ್ಟಲಿಲ್ಲ. ಆಮೇಲೆ ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವನಿಗೂ ತಿಳಿದಂತಿರಲಿಲ್ಲ.

“ಒಂದು ಪ್ಲಾಸ್ಟಿಕ್ ಪೀಪಿ ಮಾತು ಕೇಳ್ಕೊಂಡು ನಾನು ನನ್ನ ಮಗಳಿಗೆ ವಿಷ ಹಾಕ್ದೆ ಅಂತೀಯಾ?”

“ಯಾರೂ ಹಾಗಂದಿಲ್ಲ ಅಪ್ಪ.”

“ಅದು ಕೆಟ್ಟಿದೆ. ಮೊದಲಿಂದ ಕೆಟ್ಟಿದೆ. ಒಂದಿನ ಇಷ್ಟು, ಒಂದಿನ ಅಷ್ಟು. ತಗೊಂಬಾ ಇಲ್ಲಿ. ಎಲ್ಲರೂ ಊದೋಣ, ಎಷ್ಟು ಸುಳ್ಳು ಹೇಳುತ್ತೆ ನೋಡೋಣ.”

ಅಮ್ಮ ಪೀಪಿಯನ್ನು ಬಿಸಿನೀರಲ್ಲಿ ತೊಳೆದು ತಂದಳು. ಮೊದಲು ನಾನು. ನಾನೂರ ನಲವತ್ತು. “ಇಷ್ಟು ಮಾತಾಡೋಳಿಗೆ ಇನ್ನೂ ಜಾಸ್ತಿ ಇರ್ಬೇಕಿತ್ತು” ಎಂದಳು ಅಜ್ಜಿ. ಮತ್ತೆ ತೊಳೆದು ಅಮ್ಮ ಊದಿದಳು. ಮುನ್ನೂರ ತೊಂಬತ್ತು. ಕೆಳಗಿನಿಂದ ಖಾಲಿ ಬುತ್ತಿ ಇಡಲು ಬಂದ ಒಲೆಮಾಮನನ್ನೂ ಅಪ್ಪ ಹಿಡಿದು ನಿಲ್ಲಿಸಿದ. ಒಲೆಮಾಮ ಏನು ಎತ್ತ ಎಂದು ಕೇಳದೆ ಬೆಂಕಿ ಊದುವವನಂತೆ ಕೆನ್ನೆ ಉಬ್ಬಿಸಿ ಊದಿದ. ನಾನೂರ ಎಪ್ಪತ್ತು.

“ಅಮ್ಮ, ನೀನೂ” ಎಂದ ಅಪ್ಪ ಅಜ್ಜಿಗೆ.

“ನನ್ನ ಹಲ್ಲಿನ ಸೆಟ್ಟು ಹಾರಿ ಹೋದ್ರೆ ಹುಡುಕ್ಕೊಡ್ತೀಯೇನೋ?” ಎಂದು ಅಪ್ಪನನ್ನು ಗದರಿಸಿ, ಸೆಟ್ಟು ತೆಗೆದು ಸೆರಗಲ್ಲಿ ಇಟ್ಟುಕೊಂಡು ಅಜ್ಜಿ ಊದಿದಳು. ಇನ್ನೂರ ಎಪ್ಪತ್ತು. ಎಪ್ಪತ್ತಾರು ವರ್ಷದವಳಿಗೆ ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಕ್ಕನೂ ನಕ್ಕಳು. ಒಂದು ಗಳಿಗೆ ಅದು ಆಟದ ಹಾಗೇ ಆಗಿಬಿಟ್ಟಿತ್ತು.

ಅಪ್ಪ ಎದ್ದು ನಿಂತ. ಅಂಗಿಯ ತೋಳು ಮಡಚಿದ. ಐವತ್ತು ಕಿಲೋ ಮೂಟೆಯನ್ನು ಹೆಗಲಿಗೆ ಹಾಕಿಕೊಳ್ಳುವ ಮನುಷ್ಯ. ಉಸಿರು ಎಳೆದುಕೊಂಡು ಮುಖ ಕೆಂಪಾಗುವ ಹಾಗೆ ಊದಿದ.

ಮುಳ್ಳು ಇನ್ನೂರು ದಾಟಲಿಲ್ಲ.

“ಸರಿಯಾಗಿ ತುಟಿ ಮುಚ್ಚಿಲ್ಲ ಅಪ್ಪ. ಮತ್ತೆ ಊದು.”

ನೂರ ತೊಂಬತ್ತು.

“ಇನ್ನೊಂದ್ಸಲ.”

ನೂರ ಎಂಬತ್ತು. ಮೂರನೆಯದಕ್ಕೆ ಅವನಿಗೆ ಕೆಮ್ಮು ಹತ್ತಿತು. ಕುರ್ಚಿಯ ಬೆನ್ನು ಹಿಡಿದುಕೊಂಡು ಕೆಮ್ಮಿದ. ಅವನ ಎತ್ತರದವನಿಗೆ ಎಷ್ಟಿರಬೇಕು ಎಂದು ನಾನು ಫೋನಿನಲ್ಲಿ ನೋಡಿದೆ. ಐನೂರರ ಮೇಲೆ. ಜೀವನದಲ್ಲಿ ಮೊದಲ ಸಲ ಒಂದು ಸುದ್ದಿಯನ್ನು ನನ್ನೊಳಗೇ ಇಟ್ಟುಕೊಂಡೆ. ಆದರೆ ಅಕ್ಕ ನನ್ನ ಹೆಗಲ ಮೇಲಿಂದ ನೋಡಿಬಿಟ್ಟಿದ್ದಳು.

“ಕೆಟ್ಟಿದೆ ಅಂದ್ನಲ್ಲ” ಎಂದ ಅಪ್ಪ. ದನಿಯಲ್ಲಿ ಬಲ ಇರಲಿಲ್ಲ.

ಅಕ್ಕ ಪೀಪಿಯನ್ನು ತೊಳೆದು ತಂದು ಒಲೆಮಾಮನ ಕೈಗೆ ಕೊಟ್ಟಳು. ಅವನು ಈ ಸಲ ಅಂಜುತ್ತಾ ಊದಿದ. ನಾನೂರ ಅರವತ್ತು. ಅವನು ಅದನ್ನು ಮೇಜಿನ ಮೇಲಿಟ್ಟು, “ಬರ್ತೀನಿ, ಟ್ರೇ ಸುಟ್ಟು ಹೋಗುತ್ತೆ” ಎಂದು ಇಳಿದು ಹೋದ. ಆ ಹೊತ್ತಿನಲ್ಲಿ ಓವನ್ನಿನಲ್ಲಿ ಯಾವ ಟ್ರೇಯೂ ಇರಲಿಲ್ಲ.

“ದಿನಾ ನೀವು ಮೆಟ್ಟಿಲ ಮೇಲೆ ನಿಂತು ಫೋನ್ ನೋಡೋದು” ಎಂದಳು ಅಮ್ಮ. ಅವಳು ಅಪ್ಪನನ್ನಲ್ಲ, ಗೋಡೆಯನ್ನು ನೋಡುತ್ತಿದ್ದಳು. “ಹತ್ತನೇ ಮೆಟ್ಟಿಲಲ್ಲಿ ಒಂದ್ಸಲ. ಹದಿನೆಂಟನೇದ್ರಲ್ಲಿ ಒಂದ್ಸಲ. ಅಂಥದ್ದೇನು ಮೆಸೇಜ್ ಬರುತ್ತೆ ನಿಮಗೆ ಅಂತ ನಾನು ಅನುಮಾನ ಬೇರೆ ಪಟ್ಟಿದ್ದೆ.”

“ದಣಿವಾಗುತ್ತೆ. ವಯಸ್ಸಾಯ್ತು.”

“ಎಷ್ಟು ದಿನದಿಂದ?”

ಅಪ್ಪ ಕೂತ. “ದಿನ ಏನು ಲೆಕ್ಕ ಇಟ್ಟಿಲ್ಲ. ಹತ್ತು ವರ್ಷ ಇರ್ಬಹುದು. ಮೊದಲು ಬೆಳಿಗ್ಗೆ ಮಾತ್ರ ಬಿಗೀತಿತ್ತು. ಈಗ ಯಾವಾಗಲೂ. ಬೇಕರಿ ಕೆಲಸ ಅಂದ್ರೆ ಹಾಗೇ ಅನ್ಕೊಂಡಿದ್ದೆ. ಅಪ್ಪನಿಗೂ ಹಾಗೇ ಇತ್ತು.”

ಅಜ್ಜಿ ಹಲ್ಲಿನ ಸೆಟ್ಟನ್ನು ಇನ್ನೂ ಸೆರಗಲ್ಲೇ ಹಿಡಿದಿದ್ದಳು. ಅದಿಲ್ಲದೆ ಅವಳ ಮುಖ ಚಿಕ್ಕದಾಗಿತ್ತು, ಮಾತು ತೊದಲುತ್ತಿತ್ತು. “ಬೀಡಿ ಸೇದಿ ಸೇದಿ ಎದೆ ಹಾಳಾಯ್ತು ಅಂದ್ರು ಜನ. ನಿಮ್ಮ ತಾತ ಬೀಡಿ ಮುಟ್ಟಿದವರೇ ಅಲ್ಲ. ಕಡೆಗಾಲದಲ್ಲಿ ಮಲಗೋಕೆ ಆಗ್ತಿರಲಿಲ್ಲ, ಕೂತೇ ಇರೋರು. ಬೆಚ್ಚಗಿರಲಿ ಅಂತ ನಾನೇ ಓವನ್ ಪಕ್ಕ ಕುರ್ಚಿ ಹಾಕಿ ಕೂರಿಸ್ತಿದ್ದೆ.”

ಅಮ್ಮ ಅಜ್ಜಿಯ ಹೆಗಲ ಮೇಲೆ ಕೈ ಇಟ್ಟಳು.

ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರಮ್ಮ ಸಿಕ್ಕರು. ಮಲಗುವ ಕೋಣೆಯ ವಿಷಯ ಹೇಳಿದಾಗ, ಇವತ್ತೇ ಆ ಕೋಣೆ ಬಿಡಿಸಿ ಎಂದರು. ಅಪ್ಪನ ಅಂಕಿ ಹೇಳಿದೆ. ಪೀಪಿ ಒಂದನ್ನೇ ನೋಡಿ ಕಾಯಿಲೆ ಹೆಸರು ಹೇಳಲು ಬರುವುದಿಲ್ಲ, ದೊಡ್ಡ ಯಂತ್ರದಲ್ಲಿ ಊದಿಸಿ ನೋಡಬೇಕು, ನಾಳೆಯೇ ಕರೆದುಕೊಂಡು ಬನ್ನಿ, ಈ ನಡುವೆ ಉಸಿರು ಕಟ್ಟಿದರೆ ಕಾಯಬೇಡಿ ಎಂದರು. ಎಲ್ಲವನ್ನೂ ಸ್ಪೀಕರಿನಲ್ಲೇ ಕೇಳಿಸಿದೆ.

“ನಾಳೆ ಆಗಲ್ಲ” ಎಂದ ಅಪ್ಪ. “ಶಾಲೆಗೆ ಮುನ್ನೂರು ಬನ್ನು ಕೊಡ್ಬೇಕು. ಮುಂದಿನ ವಾರ ನೋಡೋಣ. ಇವಳನ್ನ ಕರ್ಕೊಂಡು ಹೋಗಿ ನೀವು.”

ಆಗ ಅಕ್ಕ ಎದ್ದಳು. ಕೊರಳಿಂದ ದಾರ ತೆಗೆದು ಕೀಲಿಯನ್ನು ಅವನ ತಟ್ಟೆಯ ಪಕ್ಕ ಇಟ್ಟಳು. ಆದರೆ ಕೈ ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

“ನೋಡಪ್ಪ. ನೀನು ನಾಳೆ ನನ್ನ ಜೊತೆ ಬಂದ್ರೆ ಇದನ್ನ ಇಲ್ಲೇ ಬಿಡ್ತೀನಿ. ಇನ್ನು ಹಿಟ್ಟು ಮುಟ್ಟಲ್ಲ. ಬರದಿದ್ರೆ ಬೆಳಿಗ್ಗೆ ನಾಲ್ಕಕ್ಕೆ ಬಾಗಿಲು ನಾನೇ ತೆಗೀತೀನಿ. ಮುನ್ನೂರು ಬನ್ನಿನ ಹಿಟ್ಟನ್ನ ನಾನೇ ಕಲಸ್ತೀನಿ.”

“ನಿನಗೆ ತಲೆ ಕೆಟ್ಟಿದ್ಯಾ? ಡಾಕ್ಟರಮ್ಮ ಬೇಡ ಅಂದಿಲ್ವಾ?”

“ನಿನಗೂ ಬೇಡ ಅಂತಾರೆ. ಅದಕ್ಕೇ ನೀನು ಹೋಗಲ್ಲ ಅಂತಿರೋದು.”

“ನಾನು ನಿಲ್ಲಿಸಿದ್ರೆ ಬೇಕರಿ ಯಾರು ನಡೆಸ್ತಾರೆ? ಈ ರೇಡಿಯೋನಾ?”

“ನನಗೆ ಗೊತ್ತಿಲ್ಲ. ನಾಳೆ ಇಬ್ಬರೂ ಸೇರಿ ಅವರನ್ನೇ ಕೇಳೋಣ. ಮುಖಕ್ಕೆ ಏನಾದ್ರೂ ಕಟ್ಕೊಂಡು ಮಾಡಬಹುದಾ, ಮಿಕ್ಸರಿಗೆ ಮುಚ್ಚಳ ಹಾಕಿಸಿದ್ರೆ ಸಾಕಾ, ಇಲ್ಲ ಮಾರಿಬಿಡ್ಬೇಕಾ. ಏನಂದ್ರೂ ಕೇಳ್ಕೊಳ್ತೀನಿ.” ಅವಳ ಉಸಿರು ಸಿಳ್ಳೆ ಹಾಕತೊಡಗಿತ್ತು. ಕನ್ನಡಕದ ಡಬ್ಬಿ ತೆರೆದು ನೀಲಿಯದನ್ನು ಎಲ್ಲರ ಮುಂದೆಯೇ ಎಳೆದುಕೊಂಡಳು. ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿದಳು. ಅಪ್ಪ ಬಾಯಲ್ಲಿ ಎಣಿಸುತ್ತಿದ್ದ. ಹತ್ತಕ್ಕೆ ಅವಳು ಉಸಿರು ಬಿಟ್ಟಳು. “ಆದ್ರೆ ತಾತನ ಥರ ನಿನ್ನನ್ನ ಕುರ್ಚಿ ಹಾಕಿ ಕೂರಿಸೋಕೆ ನನ್ನಿಂದ ಆಗಲ್ಲ ಅಪ್ಪ.”

ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ಹಲ್ಲಿನ ಸೆಟ್ಟು ಹಾಕಿಕೊಂಡು ಬಾಯಿ ಸರಿ ಮಾಡಿಕೊಂಡಳು. “ನಾಳೆ ಅಂಗಡಿ ರಜ” ಎಂದಳು. “ಬಾಗಿಲಿಗೆ ಬೋರ್ಡು ನಾನೇ ಹಾಕ್ತೀನಿ. ಶಾಲೆಯ ಮೇಷ್ಟ್ರಿಗೂ ನಾನೇ ಹೇಳ್ತೀನಿ. ನನ್ನ ಮಾತಿಗೆ ಎದುರಾಡೋ ಮೇಷ್ಟ್ರು ಇನ್ನೂ ಹುಟ್ಟಿಲ್ಲ.”

ಸಂಜೆ ಅಪ್ಪ ಮಂಚವನ್ನು ಮೇಲಕ್ಕೆ ತರಲು ಹೋದ. ಅಮ್ಮ ಬಿಡಲಿಲ್ಲ. ಒಲೆಮಾಮನೂ ನಾನೂ ಹೊತ್ತು ತಂದೆವು. ಹಾಸಿಗೆಯನ್ನು ಅಮ್ಮ ಇಳಿಬಿಸಿಲಿಗೆ ಹಾಕಿದಳು, ಹೊದಿಕೆಗಳನ್ನು ಎರಡೆರಡು ಸಲ ಒಗೆದಳು. ಅಪ್ಪ ಒಂದು ಸ್ಟೂಲಿನ ಮೇಲೆ ನಿಂತು, ಮೇಲಿನ ಕೋಣೆಯ ಮುಚ್ಚದ ಕಿಟಕಿಗೆ ಹಲಗೆ ಹೊಡೆಯುತ್ತಿದ್ದ. ಎರಡು ಮೊಳೆಗೊಮ್ಮೆ ಕೈ ಇಳಿಸಿ ನಿಲ್ಲುತ್ತಿದ್ದ. ಈ ಸಲ ಫೋನ್ ತೆಗೆದು ನೋಡುವ ನಾಟಕ ಮಾಡಲಿಲ್ಲ. ಅಕ್ಕ ಕೆಳಗೆ ನಿಂತು ಮೊಳೆ ಕೊಡುತ್ತಿದ್ದಳು. ಅವಳ ಕೊರಳಲ್ಲಿ ದಾರ ಇರಲಿಲ್ಲ. ಕೈ ಮಾತ್ರ ಆಗಾಗ ಅಲ್ಲಿಗೇ ಹೋಗುತ್ತಿತ್ತು.

“ಎಷ್ಟು ಗಂಟೆಗೆ ಅಂದ್ರು?” ಅಪ್ಪ ಹಲಗೆಯನ್ನು ನೋಡುತ್ತಲೇ ಕೇಳಿದ.

“ಒಂಬತ್ತೂವರೆಗೆ. ಇಬ್ಬರ ಹೆಸರೂ ಬರೆಸಿದೀನಿ” ಎಂದೆ.

ಅವನು ಇನ್ನೊಂದು ಮೊಳೆ ಹೊಡೆದ. ನಿಂತ. ಉಸಿರು ತೆಗೆದುಕೊಂಡ.

“ಯಾವ ಮಹಡಿ?”

“ಎರಡನೇದು.”

“ಲಿಫ್ಟ್ ಇದ್ಯಾ?”

“ಇತ್ತು. ಕೆಟ್ಟಿದೆ.”

ಅಪ್ಪ ಅಕ್ಕನ ಮುಖ ನೋಡಿದ, ಅಕ್ಕ ಅಪ್ಪನ ಮುಖ ನೋಡಿದಳು.

“ಹಾಗಾದ್ರೆ ಒಂಬತ್ತಕ್ಕೇ ಅಲ್ಲಿರೋಣ” ಎಂದ ಅಪ್ಪ.